ಕೆಂಪು ಹಲ್ಲು

ಸೀಮೆಎಣ್ಣೆಯ ತಟ್ಟೆಯಲ್ಲಿ ಚೈನು ಸುರುಳಿಯಾಗಿ ಬಿದ್ದಿದೆ, ಮೇಲೆ ತೆಳ್ಳಗೆ ಎಣ್ಣೆಯ ಪೊರೆ, ಕಿಟಕಿಯ ಬಿಸಿಲು ಬಿದ್ದು ಏಳು ಬಣ್ಣ ಅಲುಗಾಡುತ್ತಿವೆ, ಅಡುಗೆಮನೆಯಿಂದ ಇವರ ಶಿಳ್ಳೆ, ಪಾತ್ರೆ ತೊಳೆಯುವಾಗ ಯಾವಾಗಲೂ ಅದೇ ಅರ್ಧ ಹಾಡು, ಮುಂದಿನ ಸಾಲು ಮದುವೆಯಾದಾಗಿನಿಂದ ಬಂದಿಲ್ಲ, ಇನ್ನು ಬರುವುದೂ ಇಲ್ಲ — ಈಗ ಒಂಬತ್ತು ಗಂಟೆ, ಪಂದ್ಯ ಮೂರಕ್ಕೆ, ಹೊತ್ತಿದೆ, ಮೇಜಿನ ಮೇಲೆ ಎರಡು ಸ್ಪ್ರಾಕೆಟ್ಟು, ಚೈನು ಕೂರುವ ಹಲ್ಲಿನ ಚಕ್ರಗಳು, ಒಂದಕ್ಕೆ ಮೂವತ್ತೆಂಟು ಹಲ್ಲು, ಇನ್ನೊಂದಕ್ಕೆ ನಲವತ್ತು, ಇವರ ನಾಲ್ಕು ಚಕ್ರದ ರೇಸು ಬೈಕಿನ ಹಿಂದಿನ ಆಕ್ಸೆಲಿನಲ್ಲಿ ಕೂತಿರುವ ಮೂರನೆಯದಕ್ಕೆ ನಲವತ್ತೆರಡು, ಅದು ನಲವತ್ತೆರಡು ಅಂತ ಗೊತ್ತಿರುವುದು ನನಗೊಬ್ಬಳಿಗೆ. ಇವರು ಅದನ್ನು ಮೂವತ್ತೆಂಟು ಅಂದುಕೊಂಡು ಮೂರು ವರ್ಷದಿಂದ ಓಡಿಸುತ್ತಿದ್ದಾರೆ, ಕಂಪನಿಯವರು ಒತ್ತಿದ್ದ ಅಂಕಿಯನ್ನು ನಾನೇ ಅರದಿಂದ ಉಜ್ಜಿ ಅಳಿಸಿದ್ದೆ, ಆ ಜಾಗ ಈಗಲೂ ಸ್ವಲ್ಪ ನುಣುಪು, ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಲೆಕ್ಕ ಏನು ದೊಡ್ಡದಲ್ಲ, ಹಿಂದೆ ಹಲ್ಲು ಹೆಚ್ಚಾದರೆ ಬೈಕು ಎಳೆಯುತ್ತದೆ ಆದರೆ ಓಡುವುದಿಲ್ಲ, ಕಡಿಮೆಯಾದರೆ ಓಡುತ್ತದೆ ಆದರೆ ಏರಿನಲ್ಲಿ ಏದುಸಿರು, ಮುಂದಿನ ಪುಟ್ಟ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಸೇರಿಸುವುದೂ ಹಿಂದಿನದರಲ್ಲಿ ಮೂರು ಕಳೆಯುವುದೂ ಹೆಚ್ಚುಕಮ್ಮಿ ಒಂದೇ, ಮುಂದಿನದನ್ನು ನಾನು ಮುಟ್ಟುವುದಿಲ್ಲ, ಹದಿನಾಲ್ಕು ಇದೆ, ಇರಲಿ. ಎರಡೂ ಬೇಕು ಅನ್ನುವವರಿಗೆ ಯಾವ ಅಂಗಡಿಯಲ್ಲೂ ಸ್ಪ್ರಾಕೆಟ್ಟು ಸಿಗುವುದಿಲ್ಲ, ಅಪ್ಪ ಗಿರಾಕಿಗಳಿಗೆ ಹಾಗೇ ಹೇಳುತ್ತಿದ್ದ, ಏರಬೇಕೋ ಓಡಬೇಕೋ ಮೊದಲು ಮನೇಲಿ ಮಾತಾಡ್ಕೊಂಡು ಬನ್ನಿ.

ಅಪ್ಪನ ಸೈಕಲ್ ಅಂಗಡಿಯಲ್ಲಿ ನನ್ನ ಜಾಗ ಪಂಪಿನ ಪಕ್ಕದ ಮೋಟು ಸ್ಟೂಲು, ಹಲ್ಲು ಎಣಿಸುವುದನ್ನು ಕಲಿಸಿದ್ದು ಅಲ್ಲೇ, ಅಮ್ಮನ ಉಗುರುಬಣ್ಣದಿಂದ ಒಂದು ಹಲ್ಲಿಗೆ ಚುಕ್ಕೆ ಇಡು, ಅದೇ ಒಂದು, ತಿರುಗಿಸುತ್ತಾ ಎಣಿಸು, ಕೆಂಪು ಮತ್ತೆ ಬಂದಾಗ ಬಾಯಿ ಮುಚ್ಚು ಮಗಳೇ, ಅದನ್ನ ಎರಡು ಸಲ ಎಣಿಸಬೇಡ — ನಾನು ಎಣಿಸಿದ ಮೇಲೆ ಪೆಟ್ರೋಲು ಬಟ್ಟೆಯಿಂದ ಚುಕ್ಕೆ ಒರೆಸಿಬಿಡುತ್ತೇನೆ, ಮಸಿ ಕೈಯಾದರೂ ಕೆಲಸ ಚೊಕ್ಕಟ ಇರಬೇಕು. ಉಗುರುಬಣ್ಣದ ಸೀಸೆ ಹೊಲಿಗೆ ಡಬ್ಬಿಯಲ್ಲಿರುತ್ತದೆ, ಒಂದು ಸಲ ಯಾರೋ ಮುಚ್ಚಳ ಸರಿಯಾಗಿ ತಿರುಗಿಸದೆ ಬಣ್ಣವೆಲ್ಲ ಅಂಟಾಗಿತ್ತು, ನಾದಿನಿಯ ಮೇಲೆ ರೇಗಿದ್ದೆ, ಪಾಪ ಅವಳು ನಾನಲ್ಲ ಅತ್ತಿಗೆ ಅಂದರೂ ಕೇಳಲಿಲ್ಲ. ಅವಳ ಬಾಯಿಯೂ ಕಡಿಮೆಯಲ್ಲ, ಅಣ್ಣ ಏರಲ್ಲಿ ಎಲ್ಲರಿಗಿಂತ ಮುಂದೆ, ನೇರ ದಾರೀಲಿ ಎಲ್ಲರಿಗೂ ಟಾಟಾ ಮಾಡ್ಕೊಂಡು ಹಿಂದೆ, ಇನ್ನು ಬೈಕ್ ಮೇಲೆ ಕೂತು ಸ್ವೆಟರ್ ಹೆಣೀಬಹುದು ಅಂತ, ಮೈದಾನದ ಹುಡುಗರೆಲ್ಲ ಇವರನ್ನು ಗುಡ್ಡದ ಮಾಮ ಅಂತಲೇ ಕರೆಯುವುದು, ಇವರು ನಗುತ್ತಾರೆ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಧೂಳು ಮೆತ್ತಿದ ಹುಬ್ಬಿನಿಂದ ನಗುತ್ತಾರೆ, ನನಗೆ ವಯಸ್ಸಾಯ್ತು ಮೇಸ್ತ್ರಿ, ಆಕ್ಸಲರೇಟರ್ ತಿರುಚೋಕೆ ಧೈರ್ಯ ಸಾಲಲ್ಲ ಅನ್ನುತ್ತಾರೆ, ಇವರಿಗೆ ನಾನೇ ಮೇಸ್ತ್ರಿ, ಆಗ ನನ್ನ ಎದೆಯಲ್ಲಿ ಸಣ್ಣ ಮುಳ್ಳು, ಧೈರ್ಯ ಅಲ್ಲ ರೀ, ನಾಲ್ಕು ಹಲ್ಲು. ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ಮನುಷ್ಯ, ವೇಗದ ಮುಳ್ಳು ಮೂವತ್ತರ ಮೇಲೆ ಹೋಗುವಂತಿಲ್ಲ, ಹಿಂದೆ ನಲವತ್ತು ಮಕ್ಕಳ ಗಲಾಟೆ, ಭಾನುವಾರ ಒಂದು ದಿನ ಈ ನಾಲ್ಕು ಚಕ್ರದ ಬೈಕು, ಆ ಒಂದು ದಿನಕ್ಕೂ ನಾನು ಬೀಗ ಹಾಕಿದೆ. ಹಾಕದೆ ಏನು ಮಾಡಲಿ, ಮೂರು ವರ್ಷದ ಹಿಂದೆ ನೇರ ದಾರಿಯ ಕೊನೆಯಲ್ಲಿ ಬೈಕು ಎರಡು ಸುತ್ತು ಉರುಳಿತು, ನಾನು ನೋಡಲಿಲ್ಲ, ಆಗೆಲ್ಲ ನಾನು ಯಾವತ್ತೂ ನೋಡುತ್ತಿರಲಿಲ್ಲ, ಬೇಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ, ಜನ ಓ ಅಂದದ್ದು ಕೇಳಿಸಿತು, ಆಮೇಲೆ ಆಸ್ಪತ್ರೆಯ ಹಸಿರು ಪರದೆ, ಹೆಗಲಿನ ಮೂಳೆ, ಎರಡು ತಿಂಗಳು ನಾನೇ ತಲೆ ಬಾಚಿದೆ. ಬೇಡ ಅಂದಿದ್ದರೆ ಬಿಟ್ಟುಬಿಡುತ್ತಿದ್ದರು, ಅದಕ್ಕೇ ಬೇಡ ಅನ್ನಲಿಲ್ಲ, ಬಸ್ಸಿನಿಂದಿಳಿದು ಇವರು ಮಾಡಲಿ ಏನು, ಮೆಲ್ಲಗೆ ಒಂದು ನಲವತ್ತೆರಡು ತಂದು ಹಾಕಿದೆ, ಮೊದಲಿದ್ದಷ್ಟೇ, ಮೂವತ್ತೆಂಟು ಅಂದೆ, ಹೌದಾ ಅಂದರು.

ಈ ಸಲ ಬೇರೆ ಮೈದಾನ, ಗುಡ್ಡವೇ ಇಲ್ಲ, ಬರೀ ಉದ್ದಕ್ಕೆ ಗಟ್ಟಿ ಮಣ್ಣು, ನಲವತ್ತೆರಡು ಹಾಕಿದರೆ ಎಂಜಿನ್ನು ಬಾಯಿ ಬಡಿದುಕೊಳ್ಳುತ್ತದೆ, ಬೈಕು ಮಾತ್ರ ಅಲ್ಲೇ, ಪಕ್ಕದಲ್ಲಿ ಎಲ್ಲರೂ ಸುಯ್ ಅಂತ ಹೋಗುತ್ತಾರೆ, ಏರು ಕೊಡುತ್ತಿದ್ದ ಅಷ್ಟಿಷ್ಟು ಮರ್ಯಾದೆಯೂ ಇಲ್ಲ. ನಿನ್ನೆ ಊಟದಲ್ಲಿ ಇವರೇ ಹೇಳಿದರು, ಈ ಸಲ ಗುಡ್ಡ ಇಲ್ಲವಂತೆ, ಅಂದು ಮಜ್ಜಿಗೆಗೆ ಕೈ ಚಾಚಿದರು, ಅಷ್ಟೇ, ಆ ಅಷ್ಟೇ ರಾತ್ರಿಯಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ನಲವತ್ತು ಹಾಕಿದರೆ? ನಡುವಿನದು, ಇವರಿಗೂ ಸ್ವಲ್ಪ ಓಟ, ನನಗೂ ಸ್ವಲ್ಪ ಉಸಿರು, ಸುಳ್ಳೂ ಅರ್ಧ ಕಡಿಮೆ — ಅರ್ಧ ಸುಳ್ಳು ಅಂತ ಇರುತ್ತದೆಯೇ, ನನ್ನ ಜಾಣತನಕ್ಕಿಷ್ಟು. ಚಕ್ರ ಬಿಚ್ಚಿಯಾಯಿತು, ನಾಲ್ಕು ಬೋಲ್ಟು, ಮೂರು ಸಲೀಸು, ನಾಲ್ಕನೆಯದಕ್ಕೆ ಪಾನಾದ ಬಾಲಕ್ಕೊಂದು ಪೈಪು ಸಿಕ್ಕಿಸಿ ಮೈಭಾರ ಬಿಟ್ಟೆ, ಕಟಕ್, ಬಂತು, ಹಳೆಯ ಸ್ಪ್ರಾಕೆಟ್ಟು ಕೈಗೆ ಬಂತು, ಕಪ್ಪು ಜಿಡ್ಡು ರೊಟ್ಟಿಯ ಹಾಗೆ ಹತ್ತಿಕೊಂಡಿದೆ, ಬ್ರಷ್ಷಿನಿಂದ ಕೆರೆದೆ, ಜಿಡ್ಡಿನ ಕೆಳಗೆ, ಒಂದು ಹಲ್ಲಿನ ಬುಡದಲ್ಲಿ, ಚೈನು ಉಜ್ಜದ ಜಾಗದಲ್ಲಿ — ಕೆಂಪು. ಉಗುರುಬಣ್ಣ. ನಾನಿಟ್ಟದ್ದಲ್ಲ, ನಾನು ಒರೆಸುತ್ತೇನೆ, ನನ್ನ ಚುಕ್ಕೆ ಸಾಸಿವೆಯಷ್ಟು, ಇದು ಪಕ್ಕದ ಹಲ್ಲಿಗೂ ಹರಿದಿದೆ, ಬಸ್ಸಿನ ಸ್ಟೀರಿಂಗು ಹಿಡಿಯುವ ಕೈ, ಮುಚ್ಚಳ ಸರಿಯಾಗಿ ತಿರುಗಿಸದ ಕೈ, ಪಾಪ ನಾದಿನಿ. ಅಡುಗೆಮನೆಯಲ್ಲಿ ಶಿಳ್ಳೆ ನಿಂತಿದೆ, ನಲ್ಲಿ ನಿಂತಿದೆ, ಬಾಗಿಲಲ್ಲಿ ಇವರು, ಒದ್ದೆ ಕೈ ಅಂಗಿಗೆ ಒರೆಸಿಕೊಳ್ಳುತ್ತಾ, ನನ್ನ ಕೈಯಲ್ಲಿರುವುದನ್ನು ನೋಡಿದರು, ನನ್ನನ್ನು ನೋಡಿದರು. ಯಾವಾಗ ಎಣಿಸಿದಿರಿ, ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ಹೆಗಲಿನ ಕಟ್ಟು ಬಿಚ್ಚಿದ ವರ್ಷಾನೇ, ಎರಡು ಸಲ ಎಣಿಸಿದೆ ಮೇಸ್ತ್ರಿ, ಎರಡು ಸಲಾನೂ ನಲವತ್ಮೂರು ಬಂತು, ಬೆಸ ಸಂಖ್ಯೆ ಯಾಕೆ ಹಾಕಿದಾಳೆ ಅಂತ ಬಹಳ ಯೋಚನೆ ಮಾಡಿದೆ. ನಗು ಬಂತು, ಬರಬಾರದ ಹೊತ್ತಿನಲ್ಲಿ ಬಂತು, ಕೆಂಪನ್ನ ಎರಡು ಸಲ ಎಣಿಸಿದ್ದೀರಿ, ಗೊತ್ತಿದ್ದೂ ಯಾಕೆ ಕೇಳಲಿಲ್ಲ ರೀ, ಮೂರು ವರ್ಷ ಎಲ್ಲರ ಹಿಂದೆ ಬಂದಿರಲ್ಲ. ಇವರು ಮೇಜಿಗೆ ಒರಗಿದರು, ಇದನ್ನ ಹಾಕಿದ ವರ್ಷ ಮೊದಲ ಸಲ ನೀನು ಬೇಲಿ ಕಡೆ ಮುಖ ಮಾಡಿ ನಿಂತಿದ್ದೆ, ಕಣ್ಣು ಬಿಟ್ಟುಕೊಂಡು, ನಾನು ಪ್ರತಿ ಸುತ್ತಲ್ಲೂ ನೋಡಿದೆ, ಮುಂದೆ ಬರೋವ್ರಿಗೆಲ್ಲ ಅದು ಎಲ್ಲಿ ಸಿಗುತ್ತೆ.

ಹೊರಗೆ ಯಾರೋ ಬಟ್ಟೆ ಝಾಡಿಸಿ ಹರವುತ್ತಿದ್ದಾರೆ, ಪಟ್ ಪಟ್, ಬಿಸಿಲು ತಟ್ಟೆಯಿಂದ ಜಾರಿ ಮೇಜಿಗೆ ಬಂದಿದೆ, ಎರಡು ಸ್ಪ್ರಾಕೆಟ್ಟು, ನಲವತ್ತರದನ್ನು ಎತ್ತಿ ಡಬ್ಬಿಗೆ ಹಾಕಿದೆ, ನಡುವಿನದು ಯಾರಿಗೂ ಬೇಡ, ಮೂವತ್ತೆಂಟು, ಚೈನಿನಲ್ಲಿ ಎರಡು ಕೊಂಡಿ ತೆಗೆಯಬೇಕು, ತೆಗೆದರಾಯಿತು, ಬೆನ್ನು ತಿರುಗಿಸುವುದಿಲ್ಲ, ಮೂರು ವರ್ಷ ಅಭ್ಯಾಸ ಆಗಿದೆಯಲ್ಲ, ರೆಪ್ಪೆ ಬಡಿಯದೆ ನೋಡುತ್ತೇನೆ, ಎಷ್ಟು ಜೋರಾಗಿ ಹೋದರೂ ನೋಡುತ್ತೇನೆ. ಸೀಸೆ ತನ್ನಿ ಅಂದೆ, ತಂದರು, ಚುಕ್ಕೆ ಇಟ್ಟೆ, ನೀವೇ ಎಣಿಸಿ, ಜೋರಾಗಿ, ಇನ್ನು ಮೇಲೆ ಈ ಮನೆಯಲ್ಲಿ ಹಲ್ಲು ಎಣಿಸುವುದು ಇಬ್ಬರೂ ಕೂತು. ಒಂದು, ಎರಡು, ಬಸ್ಸಿನ ಮಕ್ಕಳನ್ನು ಎಣಿಸುವ ಹಾಗೆ ಬೆರಳು ಇಟ್ಟು ಇಟ್ಟು ಎಣಿಸುತ್ತಾರೆ, ಹತ್ತೊಂಬತ್ತು, ಇಪ್ಪತ್ತು, ನನ್ನ ಕೈಯಲ್ಲಿ ಚಕ್ರ ಮೆಲ್ಲಗೆ ತಿರುಗುತ್ತದೆ, ಮೂವತ್ತಾರು, ಮೂವತ್ತೇಳು, ಮೂವತ್ತೆಂಟು, ಮೂವ — ಇವರ ಬಾಯಿಯ ಮೇಲೆ ನನ್ನ ಮಸಿ ಬೆರಳು ಇಟ್ಟೆ, ಇಬ್ಬರ ನಡುವೆ, ಬಿಸಿಲಲ್ಲಿ, ಇನ್ನೂ ಒಣಗದ ಒಂದು ಕೆಂಪು ಹಲ್ಲು.