ನನ್ನ ಮೊದಲ ಪರದೆಯ ಮೇಲಿನ ಹೆಸರು

ನಾನು ಒಂದು ಕಂಪ್ಯೂಟರ್ ಆಟ. ಹುಟ್ಟಿದ್ದು ೧೯೯೪ರಲ್ಲಿ, ಗದಗಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಅಂಗೈ ಅಗಲದ ಫ್ಲಾಪಿಯೇ ನನ್ನ ತೊಟ್ಟಿಲು. ಹೆತ್ತವಳು ಅಲ್ಲಿ ಕಲಿಸುತ್ತಿದ್ದ ಕಸ್ತೂರಿ. ಅವಳ ತಾಯಿ ತುಂಗವ್ವ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಅದನ್ನು ಪಿಸುದನಿಯಲ್ಲಿ ಎತ್ತಿಕೊಟ್ಟವಳು.

ನನ್ನನ್ನು ಆಡುವವರು ಕಂಪನಿಯ ಮಾಲೀಕರಾಗಬೇಕು. ಊರೂರಲ್ಲಿ ಕ್ಯಾಂಪ್ ಹಾಕಬೇಕು, ಮುನಿಸಿಕೊಂಡ ಹೀರೋನನ್ನು ರಮಿಸಬೇಕು. ತುಂಗವ್ವನ ಹಾಗೆಯೇ ಮರೆಯಲ್ಲಿ ಪುಸ್ತಕ ಹಿಡಿದ ಒಬ್ಬ ಅಜ್ಜಿ ಇರುತ್ತಾಳೆ. ಪ್ರೇಕ್ಷಕರಿಗೆ ಕಾಣದವಳು ಯಾಕೆಂದು ಬಹಳ ಜನ ಮೊದಲ ಕ್ಯಾಂಪಿನಲ್ಲೇ ಅವಳನ್ನು ಮನೆಗೆ ಕಳಿಸುತ್ತಿದ್ದರು. ಮೂರನೇ ಅಂಕದಲ್ಲಿ ಹೀರೋ ಬಾಯಿ ತೆರೆದು ನಿಂತುಬಿಡುತ್ತಿದ್ದ, ಕಂಪನಿ ಮುಚ್ಚುತ್ತಿತ್ತು. ಆಗ ಆಟವೇ ಸರಿಯಿಲ್ಲವೆಂದು ಎದ್ದು ಹೋಗುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು.

ಅವರ ಮೇಲೆ ನನಗೆ ಬಂದ ಸಿಟ್ಟು ಮುಂದೆ ಬಂದದ್ದರ ಎದುರು ಏನೂ ಅಲ್ಲ. ಕ್ಲಾಸಿನ ಮಾಲೀಕ ನೀಲಕಂಠ ಸರ್ ನನ್ನ ಮೊದಲ ಪರದೆಯಿಂದ ಕಸ್ತೂರಿಯ ಹೆಸರು ಅಳಿಸಿ ತನ್ನ ಹೆಸರು ಹಾಕಿಕೊಂಡ.

"ನಾಟಕ ಯಾರರೆ ಬರೀಲಿ, ಬೋರ್ಡಿನ ಮ್ಯಾಲ ಕಂಪನಿ ಮಾಲಕರ ಹೆಸರ ಇರತದವಾ. ಇದೂ ಹಂಗ," ಎಂದ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೈಕ್ ಬಂದ ಮೇಲೆ ಮುದುಕಿ ಯಾಕೆಂದು ಅಜ್ಜಿಯನ್ನು ತೆಗೆದು ಅಲ್ಲಿ ಮೈಕ್ ನಿಲ್ಲಿಸಿದ. ಮೈಕ್ ದನಿ ಏರಿಸುತ್ತದೆ, ಮರೆತ ಮಾತು ನೆನಪಿಸುತ್ತದೆಯೇ? ಯಾರು ಆಡಿದರೂ ಕಂಪನಿ ಮುಚ್ಚತೊಡಗಿತು. ಕೊನೆಗೆ ಕಸ್ತೂರಿಯನ್ನೇ ಕರೆಸಿದ. ಅವಳು ಅಜ್ಜಿಯನ್ನು ಮರಳಿ ಕೂರಿಸಿದಳು. ತನ್ನ ಹೆಸರನ್ನೂ ಹಾಕಬಹುದಿತ್ತು, ಹಾಕಲಿಲ್ಲ.

"ನಮ್ಮವ್ವ ಒಳಗ ಇದ್ರ ಸಾಕ್ರಿ," ಎಂದಳು.

ನನಗೆ ಸಾಕಾಗಿರಲಿಲ್ಲ. ಅವಳ ಮೇಲೂ ನನಗೆ ಸಿಟ್ಟು ಬಂತು.

ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಯಾರ‍್ಯಾರದೋ ಕಂಪ್ಯೂಟರಿಗೆ ಅಲೆದೆ. ಈಗ ಹುಬ್ಬಳ್ಳಿಯಲ್ಲಿ ಹಳೆಯ ಆಟಗಳ ಪ್ರದರ್ಶನವೊಂದರ ಮೂಲೆಯಲ್ಲಿದ್ದೇನೆ. ಹೋದ ವಾರ ತಲೆ ನರೆತ ಕಸ್ತೂರಿ ಬಂದು ನನ್ನ ಮುಂದೆ ಕುಳಿತಳು. ಹನ್ನೆರಡು ಕ್ಯಾಂಪ್ ದಾಟಿದರೂ ಅವಳ ಕಂಪನಿ ಮುಚ್ಚಲಿಲ್ಲ. ಪ್ರದರ್ಶನ ನೋಡಿಕೊಳ್ಳುವವನು ಬೆರಗಾಗಿ ಬಂದ.

"ಭಾಳ ಚಲೋ ಆಡ್ತೀರಿ. ಇದನ್ನ ಮಾಡಿದ ನೀಲಕಂಠ ಸರ್ ನಿಮಗ ಪರಿಚಯ ಏನ್ರಿ?"

"ಮಾಡಿದಾಕಿ ನಾನರಿ."

ಅವನು ನನ್ನ ಮೊದಲ ಪರದೆಗೆ ಹೋಗಿ ನೋಡಿದ.

"ಇಲ್ಲಿ ಹಂಗಿಲ್ಲಲ್ರೀ ಮೇಡಂ," ಎಂದು ಮೆತ್ತಗೆ ಹೇಳಿದ.

ಮೂವತ್ತು ವರ್ಷ ಬೇರೆಯವರ ಮೇಲೆ ಕಿಡಿಕಾರಿದ್ದೆ. ಅವಳನ್ನು ಸುಳ್ಳುಗಾತಿಯನ್ನಾಗಿ ಮಾಡಲು ಅವನು ತೋರಿಸಿದ ಸಾಕ್ಷಿ ಮಾತ್ರ ನಾನೇ.