ಎಡಗಿವಿಯ ತೂತು

ಇಲಿ ಕೊಲ್ಲುವುದಕ್ಕೆ ಕೈ ಗಟ್ಟಿಯಿರಬೇಕು. ಕತ್ತಿನ ಹಿಂದೆ ಎರಡು ಬೆರಳಿಟ್ಟು ಒತ್ತಿ, ಬಾಲದ ಬುಡ ಹಿಡಿದು ಒಂದೇ ಸಲಕ್ಕೆ ಎಳೆದುಬಿಡಬೇಕು. ಲಟಕ್ ಅನ್ನುತ್ತದೆ, ಮುಗಿಯಿತು. ಅರೆಮನಸ್ಸಿನಿಂದ ಎಳೆದರೆ ಅದಕ್ಕೂ ನರಕ, ಎಳೆದವರಿಗೂ ನರಕ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಬಿಳಿ ಇಲಿಗಳನ್ನು ಸಾಕಿ, ಹೊತ್ತು ಬಂದಾಗ ಕೊಲ್ಲುತ್ತಿದ್ದವಳು ಇಲಿಯಕ್ಕ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಾಯಿ ಜೋರು, ಕೈ ಚುರುಕು. ನಿವೃತ್ತಿಗೆ ಇನ್ನೆರಡು ವರ್ಷ.

ಅವತ್ತು ಬೆಳಿಗ್ಗೆ ಏಳನೇ ಗೂಡಿನ ಐದು ಇಲಿಗಳ ಸರದಿ. ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಮಲಗಿದ್ದ ಬಸ್ ಡ್ರೈವರಮ್ಮನ ಗೆಡ್ಡೆಯ ಚೂರುಗಳನ್ನು ಈ ಇಲಿಗಳ ಮೈಯಲ್ಲಿ ಬೆಳೆಸಿದ್ದರು. ಯಾವ ಔಷಧ ಹಿಡಿಯುತ್ತದೆಂದು ಮೊದಲು ಇಲಿಯಲ್ಲಿ ನೋಡಿ, ಆಮೇಲೆ ಆಕೆಗೆ ಕೊಡುವುದು. ಏಳನೇ ಗೂಡಿಗೆ ಮೊದಲ ಔಷಧ, ಎಂಟನೆಯದಕ್ಕೆ ಎರಡನೆಯದು. ಮೂರು ವಾರಕ್ಕೆ ಎರಡೂ ಗೂಡಿನಲ್ಲಿ ಗೆಡ್ಡೆ ಕರಗಿತು. ಸೂಜಿ ನಿಲ್ಲಿಸಿ ಕಾದರು. ಕ್ಯಾನ್ಸರಿನ ಕಣ ಬಲು ಕಿಲಾಡಿ. ಔಷಧ ಬಿದ್ದಾಗ ಬಡಪಾಯಿಗಳು ಸಾಯುತ್ತವೆ, ನಾಲ್ಕು ಹಟಮಾರಿಗಳು ಬೂದಿ ಮುಚ್ಚಿದ ಕೆಂಡದಂತೆ ಬಿದ್ದಿರುತ್ತವೆ. ಸೂಜಿ ನಿಂತ ಮೇಲೆ ಎದ್ದು ಸಂಸಾರ ಹೂಡಿದರೆ ಮುಗಿದೇ ಹೋಯಿತು, ಆಮೇಲೆ ಅದೇ ಔಷಧವನ್ನು ಕೊಡಗಟ್ಟಲೆ ಸುರಿದರೂ ಜಗ್ಗುವುದಿಲ್ಲ. ಏಳನೇ ಗೂಡಿನಲ್ಲಿ ಹಾಗೇ ಆಯಿತು. ಎಂಟನೆಯದರಲ್ಲಿ ಇಲಿಗಳು ಕುಣಿದಾಡಿಕೊಂಡಿದ್ದವು. ಸರಿ, ಡ್ರೈವರಮ್ಮನಿಗೆ ಎರಡನೇ ಔಷಧ ಅಂತ ತೀರ್ಮಾನವಾಯಿತು. ವಾರಕ್ಕೊಂದರಂತೆ ಎರಡು ಡೋಸ್ ಹೋಗಿತ್ತು. ಮೂರನೆಯದು ಇವತ್ತು ಹತ್ತೂವರೆಗೆ.

ಲಟಕ್. ಮೊದಲ ಇಲಿಯ ಎದೆ ಸೀಳಿದಳು. ಪುಪ್ಪುಸದ ತುಂಬ ಅಕ್ಕಿಕಾಳು ಚೆಲ್ಲಿದ ಹಾಗೆ ಬಿಳಿ ಗಂಟು. "ಅಯ್ಯೋ ಪಾಪಿ, ಎಲ್ಲೆಲ್ಲಿಗೆ ಹಬ್ಬಿಬಿಟ್ಟಿದೆ ನೋಡು" ಎಂದು ಬೈದುಕೊಂಡು, ಪುಸ್ತಕದಲ್ಲಿ ಬರೆಯಲು ಕಿವಿ ನೋಡಿದಳು. ಗುರುತಿಗೆಂದು ಶುರುವಿನಲ್ಲೇ ಮೊದಲ ಔಷಧದ ಇಲಿಗೆ ಬಲಗಿವಿಯಲ್ಲಿ ತೂತು ಮಾಡಿದ್ದರು, ಎರಡನೆಯದಕ್ಕೆ ಎಡಗಿವಿಯಲ್ಲಿ. ಅಳೆಯಲು ಬರುವವರು ಗೂಡಿನ ಚೀಟಿ ಓದುತ್ತಾರೆ, ಕಿವಿ ನೋಡುವ ತಾಳ್ಮೆ ಯಾರಿಗಿದೆ?

ತೂತು ಎಡಗಿವಿಯಲ್ಲಿತ್ತು.

ಉಳಿದ ನಾಲ್ಕನ್ನೂ ಹಿಡಿದು ನೋಡಿದಳು. ಎಡ, ಎಡ, ಎಡ, ಎಡ. ಎಂಟನೇ ಗೂಡಿನಲ್ಲಿ ಐದಕ್ಕೂ ಬಲ. ಸೂಜಿ ನಿಲ್ಲಿಸಿದ ವಾರ ಗೂಡು ತೊಳೆದ ದಿನ ನೆನಪಾಯಿತು. ಎರಡೂ ಕೈಯಲ್ಲಿ ಇಲಿ, ಎರಡೂ ಚೀಟಿ ಹಲ್ಲಿನಲ್ಲಿ. ನೀರಿನವನ ಜೊತೆ ಜಗಳವಾಡುತ್ತಲೇ ಚೀಟಿಗಳನ್ನು ಸಿಕ್ಕಿಸಿದ್ದಳು. ಬೇರೆ ಯಾರೂ ಅಲ್ಲ, ಅವಳೇ. ಡ್ರೈವರಮ್ಮನ ನರಕ್ಕೆ ಇಳಿಯುತ್ತಿದ್ದುದು ಈ ಇಲಿಗಳನ್ನು ಕೈಬಿಟ್ಟ ಔಷಧ.

ಗಡಿಯಾರದಲ್ಲಿ ಹತ್ತೂ ಹತ್ತು. ಪಕ್ಕದ ಕೋಣೆಯ ಸಂಶೋಧಕನ ಬಳಿಗೆ ಓಡಿದಳು. ಅವನು ಅವಳ ಮಗನ ವಯಸ್ಸಿನವನು. ಈ ಫಲಿತಾಂಶವನ್ನು ಊರೆಲ್ಲ ಹೇಳಿಕೊಂಡು ಬಂದಿದ್ದ. ಕೈಯಲ್ಲಿದ್ದ ಸತ್ತ ಇಲಿಯ ಕಿವಿ ತೋರಿಸಿ ಆದದ್ದನ್ನೆಲ್ಲ ಹೇಳಿದಳು.

"ವಾರ್ಡಿಗೆ ಫೋನ್ ಮಾಡಿ ಸಾರ್. ಡೋಸ್ ನಿಲ್ಲಿಸಿ ಅನ್ನಿ."

"ಬಾಯ್ಮುಚ್ಚು. ಮೊದಲು ಎಲ್ಲಾ ಇನ್ನೊಂದ್ಸಲ ಪರೀಕ್ಷೆ ಮಾಡೋಣ. ಒಂದು ತಿಂಗಳಾಗುತ್ತೆ."

"ತಿಂಗಳಾ? ಅಷ್ಟರಲ್ಲಿ ಆ ಹೆಂಗಸು ಇರ್ತಾಳೇನ್ರೀ?"

"ಬದಲಾಯಿಸಿದವಳು ನೀನು. ಕೆಲಸ ಹೋಗುತ್ತೆ, ಪಿಂಚಣಿನೂ ಹೋಗುತ್ತೆ. ಯೋಚನೆ ಮಾಡು." ಅಷ್ಟು ಹೇಳಿ ಅವಳ ಕೈಯಲ್ಲಿದ್ದ ಸತ್ತ ಇಲಿಯನ್ನು ಕಿತ್ತುಕೊಂಡು ಸುಡುವ ತೊಟ್ಟಿಯ ಕಡೆ ಹೊರಟ.

ಇಲಿಯಕ್ಕ ಹಿಂದಿನಿಂದ ಅವನ ಕಾಲರ್ ಹಿಡಿದು ಎಳೆದಳು. ಅವನು ತಿರುಗಿ ಅವಳ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿದ. ಭುಜದಲ್ಲಿ ಏನೋ ಕಳಕ್ಕೆಂದಿತು. ಗೋಡೆಗೆ ಒತ್ತಿ ಹಿಡಿದು, "ಹತ್ತೂವರೆ ಆಗಲಿ, ಬಿಡ್ತೀನಿ" ಅಂದ. ಆ ಮಾತು ಕೇಳಿದ ಮೇಲೆ ಅವಳಿಗೆ ಸಾರೂ ಇಲ್ಲ, ಗೀರೂ ಇಲ್ಲ. ಹಿಮ್ಮಡಿಯಿಂದ ಅವನ ಮೊಣಕಾಲಿಗೆ ಒದ್ದು, ಮೇಜಿನ ಮೇಲಿದ್ದ ಗೂಡಿನ ಕಬ್ಬಿಣದ ಮುಚ್ಚಳ ಎತ್ತಿ ಹಣೆಗೆ ಬೀಸಿದಳು. ಕನ್ನಡಕ ಎರಡಾಯಿತು. ಅವನು ನಿಂತಲ್ಲೇ ಕುಸಿದು ಮತ್ತೆ ಅವಳ ಕಾಲು ಹಿಡಿದ. ಇನ್ನೊಂದು ಬೀಸಿದಳು. ಈ ಸಲ ರಕ್ತ ಅವಳ ಬಿಳಿ ಕೋಟಿಗೆ ಸಿಡಿಯಿತು.

"ಮಾಡಿದ್ದುಣ್ಣೋ ಮಹರಾಯ" ಎಂದು ಏದುಸಿರುಬಿಟ್ಟಳು. ಅದು ತನಗೂ ಸಲ್ಲುವ ಮಾತೆಂದು ಗೊತ್ತಿತ್ತು. ಅವನ ಕೈಯಿಂದ ಬಿದ್ದಿದ್ದ ಇಲಿಯನ್ನು ಜೇಬಿಗೆ ಹಾಕಿಕೊಂಡು ಓಡಿದಳು.

ಎರಡನೇ ಮಹಡಿ ತಲುಪಿದಾಗ ನರ್ಸು ಕೊಳವೆಯನ್ನು ಜೋಡಿಸಿ ಆಗಿತ್ತು. ಮೇಲೆ ಚೀಲದಲ್ಲಿ ತಿಳಿಹಳದಿ ನೀರು, ಕೆಳಗೆ ಹೊದಿಕೆಯಡಿ ಬೋಳು ತಲೆಯ ಡ್ರೈವರಮ್ಮ. ಮಂಚದ ಬಳಿ ಆಕೆಯ ತಮ್ಮ, ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ಎಮ್ಮೆಯಂಥ ಹೆಗಲು. ಇಲಿಯಕ್ಕ ಯಾರನ್ನೂ ಕೇಳಲಿಲ್ಲ. ನುಗ್ಗಿದವಳೇ ಕೊಳವೆ ಹಿಡಿದು ಸೂಜಿಯ ಸಮೇತ ಕಿತ್ತಳು. ಹಾಸಿಗೆಯ ಮೇಲೆ ರಕ್ತ ಚಿಲ್ಲನೆ ಚಿಮ್ಮಿತು. ನರ್ಸು ಕಿರುಚಿದಳು. ಬಗ್ಗಿದ ರಭಸಕ್ಕೆ ಜೇಬಿನ ಇಲಿ ಡ್ರೈವರಮ್ಮನ ಹೊಟ್ಟೆಯ ಮೇಲೆ ಬಿತ್ತು.

ತಮ್ಮನ ಕಣ್ಣಿಗೆ ಕಂಡದ್ದಿಷ್ಟು: ರಕ್ತ ಮೆತ್ತಿದ ಒಬ್ಬ ಹುಚ್ಚಿ, ಅಕ್ಕನ ಮೇಲೊಂದು ಸತ್ತ ಇಲಿ. ಅವನ ಮುಷ್ಟಿ ಅವಳ ದವಡೆಗೆ ಬಿತ್ತು. ಎರಡು ಹಲ್ಲು ನೆಲಕ್ಕೆ. ಬಿದ್ದವಳ ಪಕ್ಕೆಗೆ ಒದ್ದ, ಕೂದಲು ಹಿಡಿದೆತ್ತಿ ಮಂಚದ ಕಂಬಿಗೆ ಅಪ್ಪಳಿಸಿದ. "ನಮ್ಮಕ್ಕನ್ನ ಕೊಲ್ಲೋಕೆ ಬಂದ್ಯೇನೇ? ಏನೇ?"

"ಔಷಧಿ ತಪ್ಪು" ಅಂದಳು ಇಲಿಯಕ್ಕ, ಬಾಯ್ತುಂಬ ರಕ್ತ. ಮತ್ತೊಂದು ಹೊಡೆತ ಬಿತ್ತು. "ಔಷಧಿ ತಪ್ಪು ಕಣಪ್ಪಾ!"

"ಬಿಡೋ ತಮ್ಮಾ" ಎಂದು ಡ್ರೈವರಮ್ಮ ಎದ್ದು ಕೂತಳು. ದನಿ ಕ್ಷೀಣ, ಆದರೂ ಐವತ್ತು ಜನರ ಬಸ್ಸಿನಲ್ಲಿ ಗದರಿ ರೂಢಿಯಾದ ದನಿ. "ಬಿಡು ಅಂದೆ. ಮಾತಾಡ್ಲಿ."

ಇಲಿಯಕ್ಕ ಉಗುಳಿ, ಉಸಿರೆಳೆದು ಹೇಳಿದಳು. ಗೂಡು, ಚೀಟಿ, ಕಿವಿ. ಇಲಿಯ ಸೀಳಿದ ಎದೆ ತೆರೆದು ತೋರಿಸಿದಳು. ಡ್ರೈವರಮ್ಮ ಆ ಬಿಳಿ ಗಂಟುಗಳನ್ನೇ ನೋಡುತ್ತ ಕೂತಳು.

"ಎರಡು ಡೋಸ್ ಒಳಗೆ ಹೋಗಿದೆಯಲ್ಲ. ನಾನೂ ಹೀಗೇ ಆಗ್ತೀನಾ?"

"ಗೊತ್ತಿಲ್ಲ ತಾಯಿ. ಇನ್ನೊಂದು ಔಷಧಿ ಇದೆ. ಅದು ಹಾಕಿದ ಇಲಿಗಳು ಬದುಕಿವೆ."

"ಚೀಟಿ ಬದಲಾಯಿಸಿದ್ದು ಯಾರು?"

ಅಷ್ಟು ಹೊತ್ತಿಗೆ ಸಂಶೋಧಕ ಬಾಗಿಲಲ್ಲಿ ನಿಂತಿದ್ದ, ಹಣೆಗೆ ಕರವಸ್ತ್ರ ಒತ್ತಿಕೊಂಡು. ಮೂಟೆಯವನ ಮುಷ್ಟಿ ನೋಡಿ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಇಲಿಯಕ್ಕ ಅವನ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು, ಮಿಕ್ಕಿದ್ದನ್ನು ತಮ್ಮ ನೋಡಿಕೊಳ್ಳುತ್ತಿದ್ದ. ತೋರಿಸಬೇಕೆಂದು ಅವಳಿಗೆ ನಿಜಕ್ಕೂ ಆಸೆಯಾಯಿತು. ಮೈಯಲ್ಲಿ ಇನ್ನೊಂದು ಏಟಿಗೆ ಜಾಗವಿರಲಿಲ್ಲ.

"ನಾನು" ಅಂದಳು.

ಡ್ರೈವರಮ್ಮ ಕೈ ಎತ್ತಿ ಅವಳ ಕೆನ್ನೆಗೆ ಹೊಡೆದಳು. ಮೈಯಲ್ಲಿ ಉಳಿದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಹೊಡೆದಳು. ತಮ್ಮನ ಗುದ್ದಿಗೆ ಅಳದ ಇಲಿಯಕ್ಕ ಈಗ ಗೊಳೋ ಎಂದು ಅತ್ತಳು. ಏಳಲು ಹೋದರೆ ಅದೇ ಕೈ ಅವಳ ಮಣಿಕಟ್ಟು ಹಿಡಿಯಿತು.

"ಎಲ್ಲಿಗೆ? ಕೂತ್ಕೋ ಇಲ್ಲೇ. ದೊಡ್ಡ ಡಾಕ್ಟ್ರು ಬಂದು ಎಲ್ಲಾ ಕೇಳೋ ತನಕ ಅಲ್ಲಾಡ್ಬೇಡ. ನೀನು ಎದ್ದು ಹೋದ್ರೆ ಇವರೆಲ್ಲ ಸೇರ್ಕೊಂಡು ಆ ಚೀಟೀನ ಇನ್ನೊಂದ್ಸಲ ಬದಲಾಯಿಸ್ತಾರೆ." ಆಮೇಲೆ ತಮ್ಮನಿಗೆ, "ಬಾಗಿಲು ಹಾಕೋ. ಆ ಹಣೆ ಒಡೆದವನೂ ಒಳಗೇ ಇರ್ಲಿ."

ತಮ್ಮ ಸಂಶೋಧಕನನ್ನು ಒಳಗೆಳೆದು, ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಇಲಿಯಕ್ಕ ಮಂಚದ ಅಂಚಿನಲ್ಲಿ ಕೂತಳು. ಡಾಕ್ಟರು ಬರುವವರೆಗೂ ಡ್ರೈವರಮ್ಮ ಅವಳ ಕೈ ಬಿಡಲಿಲ್ಲ.