ಸರ್ವಾನುಮತಕ್ಕೆ ಕಾದ ಕಂಪ್ಯೂಟರ್

ಹುನಗುಂದದ ಸಂಜೆಮಲ್ಲಿಗೆ ನಿವೃತ್ತರ ಬಳಗದ ಕೋಣೆಯಲ್ಲಿ ಆರು ತಿಂಗಳಿಂದ ಒಂದು ಹೊಸ ಕಂಪ್ಯೂಟರ್ ಕೂತಿತ್ತು. ಕೂತಿತ್ತು ಅಂದರೆ ಬರೀ ಕೂತಿತ್ತು. ಅದರ ಮೈಮೇಲೆ ಒಂದು ಬಿಳಿ ಹೊದಿಕೆ, ಹೊದಿಕೆಯ ಮೇಲೆ ಹಿಂದಿನ ದಿನದ ಪೇಪರು, ಪೇಪರಿನ ಮೇಲೆ ಯಾರಾದರೊಬ್ಬರು ಮರೆತು ಹೋದ ಕನ್ನಡಕ. ಹೊದಿಕೆಯ ಅಂಚಿಗೆ ಕಸೂತಿ ಹಾಕಿ ಕೊಟ್ಟವರು ಶಂಕ್ರಪ್ಪ ಮಾಸ್ತರರ ಹೆಂಡತಿ ಬನಶಂಕರಿ. ಆಗಿನ್ನೂ ಅವರ ಕಣ್ಣಿಗೆ ಇಷ್ಟು ಪೊರೆ ಬಂದಿರಲಿಲ್ಲ.

ಕಂಪ್ಯೂಟರ್ ಕೊಟ್ಟವನು ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ ಮಾಡಿ ಮೇಲೆ ಬಂದ ಚೇತನಕುಮಾರ, ಮಾಸ್ತರರ ಹಳೆಯ ವಿದ್ಯಾರ್ಥಿ. ಒಳಗೆ ಅದನ್ನು ಓಡಿಸುವ ತಂತ್ರಾಂಶ ಏನನ್ನೂ ಹಾಕಿಸಿರಲಿಲ್ಲ. "ವಿಂಡೋಸ್ ಬೇಕೋ ಲಿನಕ್ಸ್ ಬೇಕೋ, ನೀವು ಹಿರ್ಯಾರು ಕೂಡಿ ಠರಾವ್ ಮಾಡ್ರಿ ಸರ್. ನಾ ಮನಷಾನ್ನ ಕಳಸ್ತೇನಿ, ಹಾಕಿ ಹೋಗ್ತಾನ" ಎಂದು ಕೈ ಮುಗಿದು ಹೋದ. ಪಾಪ, ಹಿರಿಯರಿಗೆ ಆಯ್ಕೆ ಬಿಟ್ಟುಕೊಡುವುದು ಮರ್ಯಾದೆ ಎಂದು ತಿಳಿದಿದ್ದ.

ಬಳಗದಲ್ಲಿ ಒಂದು ಪದ್ಧತಿಯಿದೆ. ಯಾವ ಠರಾವೂ ಬಹುಮತದಿಂದ ಪಾಸಾಗುವಂತಿಲ್ಲ, ಸರ್ವಾನುಮತವೇ ಬೇಕು. ಹನ್ನೊಂದು ವರ್ಷದ ಹಿಂದೆ ಗೋಡೆ ಗಡಿಯಾರವನ್ನು ಯಾವ ಗೋಡೆಗೆ ಹಾಕಬೇಕೆಂದು ಕೈ ಎತ್ತಿಸಿ ಎಣಿಸಿದ್ದರು. ಸೋತ ಏಳು ಮಂದಿ ಎರಡು ವರ್ಷ ಬಳಗದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅಂದಿನಿಂದ ಈ ನಿಯಮ. ಇದರ ಲಾಭವೆಂದರೆ ಬಳಗದಲ್ಲಿ ಜಗಳವಾಗುವುದಿಲ್ಲ, ನಷ್ಟವೆಂದರೆ ಬೇರೇನೂ ಆಗುವುದಿಲ್ಲ. ಆ ಜಗಳದಲ್ಲಿ ಕಪಾಟು ಸೇರಿದ ಗಡಿಯಾರ ಈಗಲೂ ಅಲ್ಲೇ ಇದೆ.

ಶಂಕ್ರಪ್ಪ ಮಾಸ್ತರರು ಲಿನಕ್ಸ್ ಪಕ್ಷ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಗೆ ಮುಂಚೆ ಇಲಾಖೆಯವರು ಬಾಗಲಕೋಟೆಯಲ್ಲಿ ಹತ್ತು ದಿನ ಕಂಪ್ಯೂಟರ್ ತರಬೇತಿ ಕೊಡಿಸಿದ್ದರು, ಅಲ್ಲಿ ಕಲಿಸಿದ್ದು ಲಿನಕ್ಸ್. ಅದು ಅವರ ತಲೆಗೆ ಎಷ್ಟು ಏರಿತೆಂದರೆ, ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಪಾಠ ಶುರು ಮಾಡಿದರು. ಆ ಮನುಷ್ಯ ತನ್ನ ಊರು ಬರುವ ಮೊದಲೇ ಇಳಿದುಕೊಂಡ.

ಸೋಮಲಿಂಗ ಶಿರಸ್ತೇದಾರರು ವಿಂಡೋಸ್ ಪಕ್ಷ. ತಾಲೂಕು ಕಚೇರಿಯಲ್ಲಿ ಸವೆದ ಜೀವ. ಮಾಸ್ತರರು ಅರ್ಧ ತಾಸು ಮಾತಾಡಿದರೆ ಇವರು ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆ ಸರಿಸಿ ಒಂದೇ ವಾಕ್ಯ ಹೇಳುತ್ತಿದ್ದರು. ಆ ಒಂದು ವಾಕ್ಯಕ್ಕೆ ಉತ್ತರ ಹುಡುಕುತ್ತ ಮಾಸ್ತರರಿಗೆ ಊಟ ಸೇರುತ್ತಿರಲಿಲ್ಲ.

"ಪುಕ್ಕಟ ಸಿಗತೈತಿ. ವೈರಸ್ಸಿನ ಕಾಟ ಇಲ್ಲ. ಹಳೇ ಮಷಿನ್ನಿನಾಗೂ ಓಡತೈತಿ. ಸಾಮಾನ್ಯ ಮನಷಾಗ ಇನ್ನೇನ ಬೇಕ್ರಿ?" ಎಂದು ಮಾಸ್ತರರು ಕೇಳಿದರು.

"ಸಾಮಾನ್ಯ ಮನಷಾಗ, ಕೆಟ್ಟಾಗ ರಿಪೇರಿ ಮಾಡವ ಬೇಕ್ರಿ ಮಾಸ್ತರ" ಎಂದರು ಶಿರಸ್ತೇದಾರರು. "ವಿಂಡೋಸ್ ಆದ್ರ ಬಜಾರದಾಗ ಹತ್ತ ಮಂದಿ ಸಿಗ್ತಾರ. ನಿಮ್ಮ ಲಿನಕ್ಸ್ ಕೆಟ್ರ ನಿಮ್ಮನ್ನ ಕರೀಬೇಕಾಗ್ತೈತಿ."

"ಕರೀರಿ. ನಾ ಬರ್ತೇನಲ್ರಿ."

"ನನಗ ಅದರದ ಅಂಜಿಕಿ."

ಮರುವಾರ ಮಾಸ್ತರರು ಲೈಸೆನ್ಸಿನ ಮಾತು ಎತ್ತಿದರು. ವಿಂಡೋಸಿಗೆ ರೊಕ್ಕ ಕೊಟ್ಟು ಲೈಸೆನ್ಸ್ ತಗೋಬೇಕಲ್ಲ, ಅದಕ್ಕೇನು ಮಾಡುವಿರಿ ಎಂದರು. ಬಜಾರದಲ್ಲಿ ಹಾಗೇ ಹಾಕಿಕೊಡುತ್ತಾರೆ ಎಂದು ಶಿರಸ್ತೇದಾರರು ತಣ್ಣಗೆ ಹೇಳಿದರು. ಒಂದು ಸೀಲು ಮಸುಕಾಗಿದೆಯೆಂದು ರೈತರ ಜಮೀನಿನ ಉತಾರಗಳನ್ನು ಮೂರು ಸಲ ಮರಳಿಸುತ್ತಿದ್ದ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ಕೋಣೆಯಲ್ಲಿದ್ದ ಹದಿನೈದು ಮಂದಿಯೂ ನಕ್ಕರು. ಶಿರಸ್ತೇದಾರರು ನಗಲಿಲ್ಲ. ಹಾಗಾದರೆ ಗಣೇಶ ಚೌತಿಯ ತನಕ ವಿಚಾರ ಮಾಡೋಣ ಎಂದರು. ಚೌತಿ ಬಂತು, ದಸರೆ ಬಂತು, ದೀಪಾವಳಿಯೂ ಮುಗಿಯಿತು.

ಇಬ್ಬರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುತ್ತಿದ್ದ ಆ ಸಾಮಾನ್ಯ ಮನುಷ್ಯ ಯಾರೆಂದರೆ ರಮಾಬಾಯಿ. ಗಂಡ ಸಹಕಾರ ಇಲಾಖೆಯಲ್ಲಿದ್ದು ತೀರಿಕೊಂಡಿದ್ದ, ಕುಟುಂಬ ಪಿಂಚಣಿ ಬರುತ್ತಿತ್ತು. ಪಿಂಚಣಿ ತಗೊಳ್ಳುವವರೆಲ್ಲ ನವೆಂಬರ್ ಮುಗಿಯುವುದರೊಳಗೆ ತಾವಿನ್ನೂ ಬದುಕಿದ್ದೇವೆಂದು ಸರಕಾರಕ್ಕೆ ತೋರಿಸಬೇಕಲ್ಲ, ಆ ಪತ್ರಕ್ಕಾಗಿ ಆಕೆ ಹೋದ ವರ್ಷ ನೋಯುವ ಮೊಣಕಾಲು ಹಿಡಿದುಕೊಂಡು ಬಾಗಲಕೋಟೆಗೆ ಮೂರು ಸಲ ಬಸ್ಸು ಹತ್ತಿದ್ದರು. ಚೇತನಕುಮಾರ ಕಂಪ್ಯೂಟರ್ ಕೊಟ್ಟದ್ದೂ ಇದೇ ಕಾರಣಕ್ಕೆ, ಹಿರಿಯರ ಪತ್ರ ಇಲ್ಲೇ ಕೂತು ಆಗಲಿ ಎಂದು. ರಮಾಬಾಯಿ ಸೋಮವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ಕೂರುತ್ತಿದ್ದರು.

"ಎರಡೂ ಹಾಕ್ರಲಾ" ಎಂದು ಒಂದು ದಿನ ಅವರೇ ದಾರಿ ತೋರಿಸಿದರು. "ಒಂದ ಮನ್ಯಾಗ ಇಬ್ಬರು ಸೊಸ್ತ್ಯಾರು ಇರಂಗಿಲ್ಲೇನು?"

ಎರಡನ್ನೂ ಹಾಕಬಹುದು ಎಂದು ಮಾಸ್ತರರಿಗೆ ಗೊತ್ತಿತ್ತು. ಆದರೆ ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಯಾವ ಹೆಸರು ಮೊದಲು ಬರಬೇಕು? ಅದರ ಮೇಲೆ ಮತ್ತೆ ಮೂರು ಸಭೆಗಳಾದವು. ಮೂರನೆಯ ಸಭೆಯಲ್ಲಿ ರಮಾಬಾಯಿ ಎದ್ದು ನಿಂತು, "ನಂದೊಂದ ಮಾತು. ಅದರಾಗ ನಾ ಜೀವಂತ ಅದೀನಿ ಅಂತ ಬರತೈತೋ ಇಲ್ಲೋ?" ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಬರುತ್ತದೆ ಎಂದರು. ಆರು ತಿಂಗಳಲ್ಲಿ ಅವರು ಒಪ್ಪಿಕೊಂಡದ್ದು ಅದೊಂದನ್ನೇ.

ಇದೆಲ್ಲ ನಗುವ ಮಾತಾಯಿತು. ಬನಶಂಕರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಹೋದ ವರ್ಷ ಮಾಸ್ತರರು ಇಂಥದೇ ಯಾವುದೋ ವಾದದಲ್ಲಿ ಬಿದ್ದು ಪತ್ರ ಕೊಡುವುದನ್ನು ಮರೆತಿದ್ದರು. ಸರಕಾರದ ಲೆಕ್ಕದಲ್ಲಿ ತೀರಿಕೊಂಡರು, ಕೆಲವು ತಿಂಗಳು ಪಿಂಚಣಿ ನಿಂತಿತು, ಬನಶಂಕರಿಯ ಕಣ್ಣಿನ ಆಪರೇಶನ್ ಮುಂದಕ್ಕೆ ಹೋಯಿತು. ಹೋದದ್ದು ಹೋದಂತೆಯೇ ಇತ್ತು. ಈ ಸಲ ಬಾಗಲಕೋಟೆಯ ದವಾಖಾನೆಯಲ್ಲಿ ಡಿಸೆಂಬರ್ ಹತ್ತರ ತಾರೀಖು ಸಿಕ್ಕಿತ್ತು. ಮಾಸ್ತರರು ಏನು ಮಾಡಿದ್ದರೆಂದರೆ, ಕೊಟ್ಟರೆ ಬಳಗದ ಕಂಪ್ಯೂಟರಿನಿಂದ, ಲಿನಕ್ಸಿನಲ್ಲೇ ನನ್ನ ಪತ್ರ ಕೊಡುತ್ತೇನೆ, ಇಲ್ಲದಿದ್ದರೆ ಕೊಡುವುದೇ ಇಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿ ಕೂತಿದ್ದರು.

"ಎಡಗಣ್ಣಿಲೆ ನಿಮ್ಮ ಮಾರಿ ಕಾಣೂದ ಬಿಟ್ಟೈತಿ" ಎಂದು ಬನಶಂಕರಿ ನವೆಂಬರ್ ಇಪ್ಪತ್ತೊಂಬತ್ತರ ಸಂಜೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಹೇಳಿದರು. "ಬಲಗಣ್ಣ ಇನ್ನಾ ಸ್ವಲ್ಪ ಐತಿ. ಅದೂ ಹೋಗಲಿ ಅಂತೀರೇನು?"

ಮಾಸ್ತರರಿಗೆ ನಾಚಿಕೆಯಾಯಿತು. ಆದರೆ ಹದಿನೈದು ಮಂದಿಯ ಎದುರು ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ? ನಾಳೆ ಹೇಗಾದರೂ ಠರಾವು ಮಾಡಿಸುತ್ತೇನೆ ಎಂದರು. ಬನಶಂಕರಿ ಮತ್ತೆ ಅಕ್ಕಿಯ ಮೊರ ಎಳೆದುಕೊಂಡರು. ಮರುದಿನ ಬೆಳಿಗ್ಗೆ ತಾವೂ ಸೀರೆ ಬದಲಿಸಿ, ಗಂಡನ ಹಿಂದೆಯೇ ಹೊರಟರು.

ಬಳಗಕ್ಕೆ ಹೋಗಿ ನೋಡಿದರೆ ಕರೆಂಟ್ ಇರಲಿಲ್ಲ. ಬೆಂಚಿನ ಮೇಲೆ ಪೋಸ್ಟಿನ ಮುಬಶೀರಾ ಕೂತಿದ್ದಳು. ಟಪಾಲಿನ ಚೀಲ ಕಾಲ ಬಳಿ, ಕಚೇರಿಯವರು ಕೊಟ್ಟ ಫೋನು ಕೈಯಲ್ಲಿ. ಅವಳ ಮುಂದೆ ಕುರ್ಚಿಯಲ್ಲಿ ರಮಾಬಾಯಿ, ಫೋಟೋ ತೆಗೆಸಿಕೊಳ್ಳುವವರಂತೆ ಸೆರಗು ಸರಿಮಾಡಿಕೊಂಡು ಕೂತಿದ್ದರು. ಅವರೇ ಪೋಸ್ಟಾಫೀಸಿಗೆ ಹೋಗಿ ಅವಳನ್ನು ಕರೆದು ತಂದದ್ದು. ಮುಬಶೀರಾ ಫೋನನ್ನು ಅವರ ಮುಖದ ನೇರಕ್ಕೆ ಹಿಡಿದಳು. ರಮಾಬಾಯಿ ಕಣ್ಣು ಮಿಟುಕಿಸಿದರು. ಪರದೆಯ ಮೇಲೆ ಹಸಿರು ಗುರುತು ಬಂತು.

"ಆತ್ರಿ ಅಮ್ಮಾ. ಒಂದ ವರ್ಷ ಚಿಂತಿ ಇಲ್ಲ."

"ಇಷ್ಟನ?" ಎಂದರು ರಮಾಬಾಯಿ. ಆಮೇಲೆ ಹೊದಿಕೆ ಹೊದ್ದು ಕೂತ ಕಂಪ್ಯೂಟರನ್ನೂ ಅದರ ಎರಡು ಬದಿಯ ಮುಖಂಡರನ್ನೂ ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿಕೊಂಡರು.

ಒಬ್ಬೊಬ್ಬರಾಗಿ ಎಲ್ಲರೂ ಕುರ್ಚಿಯ ಮೇಲೆ ಕೂತು ಎದ್ದರು. ಶಿರಸ್ತೇದಾರರೂ ಕೂತರು, ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕಣ್ಣು ಮಿಟುಕಿಸಿದರು, ಎದ್ದರು. ಉಳಿದವರು ಮಾಸ್ತರರೊಬ್ಬರೇ. ಅವರು ಕಪಾಟಿನೊಳಗಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದರು.

ಬನಶಂಕರಿ ಗೋಡೆ ತಡವುತ್ತ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡು, "ಕುಂದರ್ರಿ" ಎಂದರು. ಇಷ್ಟು ವರ್ಷದಲ್ಲಿ ಅವರು ನಾಲ್ಕು ಮಂದಿಯ ಎದುರು ಗಂಡನಿಗೆ ಹೀಗೆ ಹೇಳಿದ್ದಿಲ್ಲ. ಮಾಸ್ತರರು ಕೂತರು.

ಚಾರ್ಜ್ ಉಳಿಯಲೆಂದು ಮುಬಶೀರಾ ಮೊದಲು ಫೋನಿಗೆ ಜೋಡಿಸಿದ ಪುಟ್ಟ ಯಂತ್ರದ ಮೇಲೆ ಹೆಬ್ಬೆರಳು ಒತ್ತಿಸಿದಳು. ಚಾಕ್‌ಪೀಸು ಹಿಡಿದು ಹಿಡಿದು ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು, ಯಂತ್ರಕ್ಕೆ ಏನೂ ಸಿಗಲಿಲ್ಲ. ಮುಖವೇ ಗತಿ ಎಂದು ಫೋನನ್ನು ಎತ್ತಿ ಹಿಡಿದಳು. ಅಷ್ಟರಲ್ಲಿ ಶಿರಸ್ತೇದಾರರು ಎಲೆಯಡಿಕೆಯನ್ನು ಬಲಕ್ಕೆ ಸರಿಸಿದರು.

"ಮಾಸ್ತರ, ಹುಡುಗಿ ಎರಡ ನಿಮಿಷದಾಗ ಎಲ್ಲಾರ್ದೂ ಮುಗಿಸಿದ್ಲು. ಇದರಾಗ ನಿಮ್ಮ ಲಿನಕ್ಸ್ ಎಲ್ಲೈತ್ರಿ?"

ಆಗ ಮಾಸ್ತರರಿಗೆ ನೆನಪಾಯಿತು. ತರಬೇತಿಯ ಹತ್ತನೆಯ ದಿನ, ಮಧ್ಯಾಹ್ನದ ಊಟವಾಗಿ ಅರ್ಧ ತರಗತಿ ತೂಕಡಿಸುವಾಗ, ಕಲಿಸುವವನು ಬೋರ್ಡಿನ ಮೇಲೆ ಬರೆದಿದ್ದ. ಜನರ ಕೈಯಲ್ಲಿರುವ ಇಂಥ ಫೋನುಗಳ ಹೊಟ್ಟೆಯೊಳಗೆ ಇರುವುದೂ ಲಿನಕ್ಸೇ. ಆರು ತಿಂಗಳ ವಾದದಲ್ಲಿ ಒಂದು ದಿನವೂ ಹೊಳೆಯದ ಮಾತು ಈಗ ಹೊಳೆದಿತ್ತು. ಸಾಮಾನ್ಯ ಮನುಷ್ಯನಿಗೆ ಲಿನಕ್ಸ್ ಒಗ್ಗುವುದಿಲ್ಲವೆಂದು ಜೂನ್‌ನಿಂದ ವಾದಿಸಿದ ಶಿರಸ್ತೇದಾರರು, ಈಗಷ್ಟೇ ಅದಕ್ಕೆ ಕಣ್ಣು ಮಿಟುಕಿಸಿ ಎದ್ದಿದ್ದರು. ಮಾಸ್ತರರು ಬಾಯಿ ತೆರೆದರು.

"ಮಾತಾಡಬ್ಯಾಡ್ರಿ ಸರ್. ಹೋತು ನೋಡ್ರಿ" ಎಂದಳು ಮುಬಶೀರಾ.

ಮತ್ತೆ ಹಿಡಿದಳು. ಮಾಸ್ತರರು ತಡೆದುಕೊಂಡರು. ಆದರೆ ಮಾತು ಎದೆಯಿಂದ ಮೇಲೆ ಬಂದು ಬಂದು ತುಟಿ ಅದುರುತ್ತಿತ್ತು. "ಅಲ್ಲವಾ, ಇದರಾಗ" ಎನ್ನುವಷ್ಟರಲ್ಲಿ ಎರಡನೆಯದೂ ಹೋಯಿತು.

"ಸರ್, ಸಾಲ್ಯಾಗ ನೀವ ನಮಗ ದಿನಾ ಹೇಳ್ತಿದ್ರಿ, ಬಾಯಿ ಮುಚ್ಚಿ ಕುಂದರ್ರಿ ಅಂತ. ಈಗ ನಾ ಹೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಬಾಯಿ ಮುಚ್ಚಿ ಬರೇ ಕಣ್ಣ ಮಿಟಕಸ್ರಿ. ಚಾರ್ಜ್ ಮುಗ್ಯಾಕ ಬಂದೈತಿ, ಇನ್ನೊಂದ ಸಲ ಅಷ್ಟನ. ಇವತ್ತ ಕಡೀ ದಿನ, ನಾ ಐಹೊಳಿಗಿ ಹೋಗೂದೈತಿ, ತಿರುಗಿ ಬರಾಕ ಆಗಂಗಿಲ್ಲ."

ಹದಿನೈದು ಮಂದಿ ನೋಡುತ್ತಿದ್ದರು. ಶಿರಸ್ತೇದಾರರು ಎದುರಿಗೇ ನಿಂತಿದ್ದರು. ಒಂದೇ ವಾಕ್ಯ, ಅಷ್ಟು ಹೇಳಿದರೆ ಆರು ತಿಂಗಳ ಗೆಲುವು ಕೈಗೆ ಬರುತ್ತಿತ್ತು. ಮಾಸ್ತರರು ತಲೆ ಎತ್ತಿದರು. ಕುರ್ಚಿ ಬಿಟ್ಟು ಮುಬಶೀರಾಳ ಹಿಂದೆ ಬಂದು ನಿಂತಿದ್ದ ಬನಶಂಕರಿ ಅವಳ ಭುಜದ ಮೇಲಿಂದ ಇವರ ಮುಖವನ್ನೇ ಹುಡುಕುತ್ತಿದ್ದರು. ಒಳ್ಳೆಯ ಕಣ್ಣು ಮುಂದಾಗುವಂತೆ ಕತ್ತು ಹೊರಳಿಸಿ, ಹುಬ್ಬು ಬಿಗಿಮಾಡಿ, ಒಂದು ಮಾರು ದೂರದ ಗಂಡನನ್ನು ನೋಡಲು ಅಷ್ಟು ಕಷ್ಟಪಡುತ್ತಿದ್ದರು.

ಮಾಸ್ತರರು ತುಟಿ ಕಚ್ಚಿ ಹಿಡಿದರು. ಕಣ್ಣು ಮಿಟುಕಿಸಿದರು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಫೋನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಸಿರು ಗುರುತು ಬಂತು. ಬನಶಂಕರಿ ಎರಡೂ ಕೈ ಎತ್ತಿ ಯಾವ ದೇವರಿಗೋ ಮುಗಿದರು.

ಮುಬಶೀರಾ ಚೀಲ ಹೆಗಲಿಗೇರಿಸಿ ಹೋದಳು. ಮಂದಿ ಚಹಾಕ್ಕೆ ಹೊರಬಿದ್ದರು. ಉಳಿದವರು ಮೂವರು.

"ಶಿರಸ್ತೇದಾರ್ರ, ಆ ಫೋನಿನ ಒಳಗ ಇರೂದು ಲಿನಕ್ಸ್ ರೀ" ಎಂದರು ಮಾಸ್ತರರು. ಗೆದ್ದವರ ದನಿ ಬರಬೇಕಿತ್ತು, ಯಾಕೋ ಬರಲಿಲ್ಲ.

"ಗೊತ್ತೈತ್ರಿ" ಎಂದರು ಶಿರಸ್ತೇದಾರರು.

"ಗೊತ್ತೈತಿ? ಯಾವಾಗಿಂದ?"

"ಜುಲೈದಾಗ ನಮ್ಮ ಮೊಮ್ಮಗಳು ನೇತ್ರಾ ಹೇಳಿದ್ಲು."

"ಮತ್ತ ಜುಲೈದಾಗ ಯಾಕ ಹೇಳಲಿಲ್ರಿ?"

ಶಿರಸ್ತೇದಾರರು ಕಿಟಕಿಗೆ ಹೋಗಿ ಎಲೆಯಡಿಕೆ ಉಗುಳಿ ಬಂದರು. ಅವರ ಬಾಯಿ ಪೂರ್ತಿ ಖಾಲಿಯಾಗಿದ್ದನ್ನು ಮಾಸ್ತರರು ಕಂಡದ್ದು ಅದೇ ಮೊದಲು.

"ಹೇಳಿದ್ರ ಅವತ್ತ ಮುಗದ ಹೋಗ್ತಿತ್ತಲ್ರಿ ಮಾಸ್ತರ. ಮರದಿನದಿಂದ ನಾವಿಬ್ಬರೂ ಇಲ್ಲಿ ಬಂದು ಏನ್ ಮಾಡೂದಿತ್ತು?"

ಮಾಸ್ತರರು ಹೊದಿಕೆಯ ಕಸೂತಿಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಠರಾವಿನ ಪುಸ್ತಕ ತೆಗೆದು, ತಾರೀಖು ಹಾಕಿ, ಕಂಪ್ಯೂಟರಿಗೆ ಯಾವುದನ್ನು ಹಾಕಬೇಕೆಂಬ ವಿಷಯ ಇನ್ನೂ ಚರ್ಚೆಯಾಗಬೇಕಾಗಿದೆ ಎಂದು ದುಂಡಗೆ ಬರೆದು ಸಹಿ ಮಾಡಿದರು. ಶಿರಸ್ತೇದಾರರು ಕನ್ನಡಕ ಏರಿಸಿ, ಹಳೆಯ ಚಾಳಿಯಂತೆ ಅಕ್ಷರ ಬಿಡದೆ ಓದಿ, ತಕರಾರಿಲ್ಲದೆ ಕೆಳಗೆ ಸಹಿ ಮಾಡಿದರು.

"ಹತ್ತನೇ ತಾರೀಖ ನಾವು ಬಾಗಲಕೋಟಿಗಿ ಹೋಗ್ತೇವಿ. ಅವತ್ತ ಸಭಾ ಬ್ಯಾಡ್ರಿ" ಎಂದರು ಮಾಸ್ತರರು.

"ಹನ್ನೊಂದಕ್ಕ ಇಡೂಣು" ಎಂದು ಶಿರಸ್ತೇದಾರರು ಪುಸ್ತಕದಲ್ಲಿ ತಾರೀಖು ಬರೆದರು.

ಬಾಗಿಲಲ್ಲಿ ನಿಂತಿದ್ದ ಬನಶಂಕರಿ, "ಹನ್ನೊಂದಕ್ಕ ನನ್ನ ಕಣ್ಣಿನ ಪಟ್ಟಿ ಬಿಚ್ಚತಾರ" ಎಂದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಹನ್ನೊಂದನ್ನು ಹೊಡೆದು ಹಾಕಿ ಹನ್ನೆರಡು ಎಂದು ತಿದ್ದಿದರು. ಆ ತಿದ್ದುಪಡಿಗೂ ಸರ್ವಾನುಮತವಿತ್ತು.